ಗಣಕ ಭಾಷೆಗಳ ಬೋಧನೆ ಮತ್ತು ಮನೆಮಾತಿನ ವ್ಯಾಕರಣ

ಪೀಠಿಕೆ

ವಿದ್ಯೆಯ ಫಲವು ಅದನ್ನು ಗ್ರಹಿಸುವ ಭಾಷೆಯನ್ನು ಅವಲಂಬಿಸಿದೆಯೆಂಬುದು ಬೀದರ ಸೀಮೆಯ ಜನರಿಗೆ ಅನುಭವಸಿದ್ಧವಾದ ಸಂಗತಿ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಶಾಲೆಗಳ ಮಾಧ್ಯಮ ಉರ್ದುವಾಗಿತ್ತು. ಮನೆಯಲ್ಲಿ ಒಂದು ಮಾತು, ಪಾಠದಲ್ಲಿ ಇನ್ನೊಂದು ಮಾತು ಎಂಬ ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮಾತಾಗಿರುವ ವೃತ್ತಾಂತ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಕನ್ನಡ ನಾಡಿನೊಡನೆ ಒಂದಾದ ಮೇಲೆ ಶಾಲೆಯ ಮಟ್ಟದಲ್ಲಿ ಆ ತೊಡಕು ಬಹುಮಟ್ಟಿಗೆ ಪರಿಹಾರವಾಯಿತು. ಆದರೆ ತಾಂತ್ರಿಕ ಶಿಕ್ಷಣದಲ್ಲಿ ಅದೇ ತೊಡಕು ಬೇರೊಂದು ರೂಪದಲ್ಲಿ ಉಳಿದುಕೊಂಡಿದೆ.

ಬೀದರ ನಗರದಲ್ಲಿ 1980ರಲ್ಲಿ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡಿತು. 1982ರಲ್ಲಿ ಭಾಲ್ಕಿಯಲ್ಲಿ ಇಂದು ಭೀಮಣ್ಣ ಖಂಡ್ರೆಯವರ ಹೆಸರನ್ನು ಹೊತ್ತಿರುವ ತಾಂತ್ರಿಕ ಕಾಲೇಜು ಆರಂಭವಾಯಿತು. ಔರಾದ, ಭಾಲ್ಕಿ ಮೊದಲಾದ ತಾಲ್ಲೂಕುಗಳ ಒಕ್ಕಲುಮಕ್ಕಳಿಗೆ ಗಣಕವಿದ್ಯೆಯು ಮನೆಯ ಬಾಗಿಲಿಗೆ ಬಂದಂತಾಯಿತು. 2021–22ನೆಯ ಸಾಲಿನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶವಿತ್ತಾಗ, ಕನ್ನಡದಲ್ಲಿ ಕಲಿಸಲು ಮುಂದೆ ಬಂದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯದೂ ಒಂದಾಗಿತ್ತು. ಆದರೆ ರಾಜ್ಯದಲ್ಲಿ ಆ ಆಸನಗಳನ್ನು ಬಯಸಿದವರು ಅತಿ ವಿರಳ. ಉದ್ಯೋಗವು ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಓದಿದವನ ಗತಿಯೇನೆಂಬ ತಂದೆತಾಯಿಗಳ ಅಂಜಿಕೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಗ್ಲಿಷಿನ ತರಗತಿಯಲ್ಲಿ ಕುಳಿತ ಮಾತ್ರಕ್ಕೆ ವಿದ್ಯೆ ಒಲಿಯುವುದೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಮುಗಳನ್ನು, ಮಗ್ಗಿಯಂತೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲನು. ಪ್ರಶ್ನೆಯ ಒಂದು ಅಂಕಿಯನ್ನು ಬದಲಿಸಿದೊಡನೆ ಅವನ ಕೈ ನಿಲ್ಲುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಬೋಧನಕ್ರಮದ ಕೊರತೆ.

ಇಂಗ್ಲಿಷ್ ಎಲ್ಲಿದೆ?

ಗಣಕ ಭಾಷೆಯೆಂದರೆ ಇಂಗ್ಲಿಷೇ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದನ್ನು ಮೊದಲು ಪರಿಶೀಲಿಸಬೇಕು. ಡೆನಿಸ್ ರಿಚಿ ಎಂಬ ವಿದ್ವಾಂಸನು 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯು ಇಂದಿಗೂ ಬೋಧನೆಯಲ್ಲಿದೆ. 1989ರಲ್ಲಿ ಪ್ರಮಾಣೀಕೃತವಾದ ರೂಪದಲ್ಲಿ ಅದರ ಮೀಸಲು ಪದಗಳು 32 ಮಾತ್ರ. 1991ರಲ್ಲಿ ಹೊರಬಂದ ಪೈಥಾನ್ ಭಾಷೆಯ ಇತ್ತೀಚಿನ ಆವೃತ್ತಿಗಳಲ್ಲಿಯೂ ಅವು ಮೂವತ್ತೈದರ ಆಸುಪಾಸಿನಲ್ಲಿವೆ. ‘ಇಫ್’ ಎಂದರೆ ‘ಆದರೆ’, ‘ಎಲ್ಸ್’ ಎಂದರೆ ‘ಇಲ್ಲವಾದರೆ’, ‘ವೈಲ್’ ಎಂದರೆ ‘ಇರುವವರೆಗೆ’. ಕನ್ನಡದ ಕಾಗುಣಿತವನ್ನು ಅರಗಿಸಿಕೊಂಡ ಮಗುವಿಗೆ ಇಷ್ಟು ಪದಗಳು ಭಾರವಲ್ಲ.

ಭಾರವಿರುವುದು ಬೇರೆಡೆ: ಪಠ್ಯಪುಸ್ತಕದ ವಿವರಣೆಯಲ್ಲಿ, ತಪ್ಪಾದಾಗ ಯಂತ್ರವು ನೀಡುವ ಸೂಚನೆಯಲ್ಲಿ, ಅದಕ್ಕಿಂತ ಮಿಗಿಲಾಗಿ ಸಮಸ್ಯೆಯನ್ನು ಬಿಡಿಸುವ ಚಿಂತನೆಯಲ್ಲಿ. ನೆದರ್ಲೆಂಡ್ಸಿನ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ (1930–2002) ಉತ್ತಮ ಕ್ರಮವಿಧಿಕಾರನಿಗೆ ಗಣಿತದ ಒಲವಿನ ಜೊತೆಗೆ ತಾಯ್ನುಡಿಯ ಮೇಲಿನ ಅಸಾಧಾರಣ ಪ್ರಭುತ್ವವೇ ಅತ್ಯಗತ್ಯವಾದ ಸಂಪತ್ತೆಂದು 1975ರಲ್ಲಿಯೇ ಅಭಿಪ್ರಾಯಪಟ್ಟಿದ್ದನು. ಈ ಮಾತಿನ ಸತ್ಯವನ್ನು ಕನ್ನಡ ವ್ಯಾಕರಣದ ಒಂದು ಚಿಕ್ಕ ಉದಾಹರಣೆಯಿಂದ ಮನಗಾಣಬಹುದು.

ಸಂಧಿಕಾರ್ಯವೇ ಕ್ರಮವಿಧಿಯಾದಾಗ

‘ಊರು’ ಎಂಬುದಕ್ಕೆ ‘ಅನ್ನು’ ಪ್ರತ್ಯಯ ಸೇರಿದರೆ ‘ಊರನ್ನು’ ಎಂದಾಗುತ್ತದೆ. ಈ ಕಾರ್ಯವನ್ನು ಗಣಕವು ಮಾಡುವಂತೆ ನಿಯಮವನ್ನು ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದರೆ ಮೊದಲು ಬರುವ ಉತ್ತರ ಇದು: ಉಕಾರಾಂತ ಪದದ ಮುಂದೆ ಪ್ರತ್ಯಯ ಬಂದಾಗ ಉಕಾರವು ಲೋಪವಾಗುತ್ತದೆ. ಕಾಡು, ನಾಡು, ನೀರು – ಎಲ್ಲಕ್ಕೂ ನಿಯಮ ಒಪ್ಪುತ್ತದೆ. ಆದರೆ ‘ಗುರು’ ಎಂಬ ಪದವನ್ನು ಕೊಟ್ಟೊಡನೆ ಯಂತ್ರವು ‘ಗುರನ್ನು’ ಎಂಬ ಅಸಾಧು ರೂಪವನ್ನು ಮುಂದಿಡುತ್ತದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪವೆಂದು ವ್ಯಾಕರಣವು ಎಚ್ಚರಿಸುತ್ತದೆ. ಅರ್ಥ ಕೆಟ್ಟಿತೆಂದು ಮನುಷ್ಯನಿಗೆ ತಿಳಿಯುತ್ತದೆ, ಇಂಥ ನಿಯಮವನ್ನಷ್ಟೇ ಅನುಸರಿಸುವ ಯಂತ್ರಕ್ಕೆ ತಿಳಿಯದು. ಆದುದರಿಂದ ‘ಅರ್ಥ ಕೆಡದಿದ್ದರೆ’ ಎಂಬ ಮಾತನ್ನು ಯಂತ್ರಕ್ಕೆ ಕಾಣುವ ಲಕ್ಷಣವಾಗಿ ಬಿಡಿಸಿ ಹೇಳುವುದೇ ಕ್ರಮವಿಧಿಕಾರನ ಕೆಲಸ.

ಈಗ ಛಂದಸ್ಸು ನೆರವಿಗೆ ಬರುತ್ತದೆ. ಎರಡು ಅಕ್ಷರಗಳ ಪದದಲ್ಲಿ ಮೊದಲ ಅಕ್ಷರ ಲಘುವಾಗಿದ್ದರೆ ವಕಾರಾಗಮ, ಉಳಿದಂತೆ ಲೋಪ ಎಂದು ನಿಯಮವನ್ನು ತಿದ್ದಬಹುದು. ಗುರುವನ್ನು, ಕರುವನ್ನು, ಹಸುವನ್ನು, ಮಗುವನ್ನು – ಎಲ್ಲವೂ ಸರಿಹೋಗುತ್ತವೆ. ‘ಎತ್ತು’, ‘ಹಣ್ಣು’ ಎಂಬಲ್ಲಿ ಮೊದಲ ಸ್ವರವು ಹ್ರಸ್ವವಾದರೂ ಒತ್ತಕ್ಷರದ ಹಿಂದಿರುವುದರಿಂದ ಗುರುವಾಗುತ್ತದೆ. ಎತ್ತನ್ನು, ಹಣ್ಣನ್ನು ಎಂಬ ರೂಪಗಳು ಸರಿಯಾಗಿಯೇ ಬರುತ್ತವೆ. ಮೂರಕ್ಷರದ ‘ಬೆರಳು’ ಎಂಬುದೂ ‘ಬೆರಳನ್ನು’ ಎಂದಾಗುತ್ತದೆ. ಇನ್ನೇನು ಗೆದ್ದೆವೆನ್ನುವಷ್ಟರಲ್ಲಿ ‘ಸಾಧು’, ‘ಬಂಧು’ ಎಂಬ ಪದಗಳು ಅಡ್ಡ ನಿಲ್ಲುತ್ತವೆ. ಅಲ್ಲಿ ಮೊದಲ ಅಕ್ಷರ ಗುರುವಾಗಿದ್ದರೂ ಸಾಧುವನ್ನು, ಬಂಧುವನ್ನು ಎಂದೇ ಆಗಬೇಕು. ಇವು ಸಂಸ್ಕೃತದಿಂದ ಬಂದ ತತ್ಸಮಗಳು. ಯಾವುದು ತತ್ಸಮ, ಯಾವುದು ದೇಶ್ಯವೆಂಬುದು ಇಲ್ಲಿ ಅಕ್ಷರಗಳ ತೂಕದಿಂದ ತಿಳಿಯುವಂಥದಲ್ಲ. ಅದಕ್ಕೊಂದು ಪದಪಟ್ಟಿಯನ್ನು ಒದಗಿಸಬೇಕು. ಯಾವುದನ್ನು ನಿಯಮದಿಂದ ಸಾಧಿಸಬೇಕು, ಯಾವುದನ್ನು ದತ್ತಾಂಶವಾಗಿ ಇಡಬೇಕು ಎಂಬ ವಿವೇಕವು ಇಲ್ಲಿ ತಾನಾಗಿ ಮೂಡುತ್ತದೆ.

ಸಾಮಾನ್ಯ ವಿಧಿ, ಅದಕ್ಕೆ ಅಪವಾದ, ಎರಡು ವಿಧಿಗಳು ಘರ್ಷಿಸಿದಾಗ ಯಾವುದು ಪ್ರಬಲ ಎಂಬ ವಿಚಾರಗಳನ್ನು ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಬಹು ಹಿಂದೆಯೇ ವ್ಯವಸ್ಥೆಗೊಳಿಸಿದನು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡಕ್ಕೆ ಸೂತ್ರಗಳನ್ನು ರಚಿಸಿದನು. ಗಣಕ ಭಾಷೆಗಳ ವಾಕ್ಯರಚನೆಯನ್ನು ವಿವರಿಸಲು ಜಾನ್ ಬ್ಯಾಕಸ್ 1959ರಲ್ಲಿ ಬಳಸಿದ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸನು ಸೂಚಿಸಿದ್ದುಂಟು. ಇದರಿಂದ ನಮ್ಮ ಹಿರಿಯರೇ ಗಣಕವನ್ನು ಕಂಡುಹಿಡಿದರೆಂದು ಬೀಗುವುದು ಸಲ್ಲದು. ಆದರೆ ವ್ಯಾಕರಣದ ತರಗತಿಯಲ್ಲಿ ಕುಳಿತ ಹಳ್ಳಿಯ ವಿದ್ಯಾರ್ಥಿಗೆ ಗಣಕಚಿಂತನೆಯ ಬೀಜ ಮೊದಲೇ ದೊರೆತಿದೆಯೆಂದು ಹೇಳಲು ಅಡ್ಡಿಯಿಲ್ಲ.

ಒಂದು ಪದ, ನಾಲ್ಕು ಎಣಿಕೆ

‘ಎತ್ತು’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಛಂದಸ್ಸಿನ ಲೆಕ್ಕದಲ್ಲಿ ಎರಡು. ವರ್ಣಗಳಾಗಿ ಬಿಡಿಸಿದರೆ ಎ, ತ್, ತ್, ಉ ಎಂದು ನಾಲ್ಕು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಎ, ತ, ವಿರಾಮಚಿಹ್ನೆ, ತ, ಉಕಾರದ ಚಿಹ್ನೆ ಎಂದು ಐದು. ಪೈಥಾನ್ ಭಾಷೆಯಲ್ಲಿ ಪದದ ಉದ್ದವನ್ನು ಕೇಳಿದರೆ ಐದೆಂದೇ ಉತ್ತರ ಬರುತ್ತದೆ. ಯುಟಿಎಫ್-8 ಎಂಬ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ, ಆ ರೂಪದಲ್ಲಿರುವ ಪದವನ್ನು ಸಿ ಭಾಷೆಯ ಸಾಮಾನ್ಯ ಎಣಿಕೆಯ ವಿಧಿಗೆ ಒಪ್ಪಿಸಿದರೆ ಹದಿನೈದೆಂದು ಹೇಳುತ್ತದೆ.

ಈ ನಾಲ್ಕೂ ಉತ್ತರಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯಾದವು. ಪದ್ಯದ ಮಾತ್ರೆಯನ್ನು ಎಣಿಸುವವನಿಗೆ ಒಂದು ಬೇಕು, ಸ್ಮೃತಿಕೋಶದಲ್ಲಿ ಸ್ಥಳವನ್ನು ಕಾದಿರಿಸುವವನಿಗೆ ಇನ್ನೊಂದು. ‘ಉದ್ದ’ ಎಂದರೇನೆಂಬುದನ್ನು ಮೊದಲು ನಿಶ್ಚಯಿಸದೆ ಕ್ರಮವಿಧಿಯನ್ನು ಬರೆಯತೊಡಗಿದರೆ ಭಾಷೆ ಯಾವುದಾದರೂ ತಪ್ಪು ತಪ್ಪಿದ್ದಲ್ಲ. ಇಂಗ್ಲಿಷಿನ ಸರಳ ಪದಗಳಿಂದಲೇ ಉದಾಹರಣೆ ಕೊಡುವ ಪುಸ್ತಕಗಳಲ್ಲಿ ಅಕ್ಷರ, ಸಂಕೇತ, ಬೈಟು ಮೂರರ ಎಣಿಕೆಯೂ ಒಂದೇ ಆಗಿ ಕಾಣುವುದರಿಂದ ಈ ಸೂಕ್ಷ್ಮವು ಮರೆಯಾಗುತ್ತದೆ. ಕನ್ನಡದ ಪದವು ಅದನ್ನು ಮೊದಲ ದಿನವೇ ಹೊರಗೆಡಹುತ್ತದೆ.

ತಂತ್ರಾಂಶ ನಿರ್ಮಾಣವೆಂಬ ಶಿಸ್ತು

ಭಾಷೆಯನ್ನು ಬಲ್ಲವನೆಲ್ಲ ಕಾವ್ಯವನ್ನು ಬರೆಯಲಾರನು. ಹಾಗೆಯೇ ಗಣಕ ಭಾಷೆಯನ್ನು ಬಲ್ಲವನೆಲ್ಲ ಒಳ್ಳೆಯ ತಂತ್ರಾಂಶವನ್ನು ಕಟ್ಟಲಾರನು. 1968ರಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ಸೇರಿದ ವಿದ್ವಾಂಸರು ಈ ಕೊರತೆಯನ್ನು ಚರ್ಚಿಸಿ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರಿಗೆ ಪ್ರಚಾರವಿತ್ತರು. ಬೇಕಾದುದೇನೆಂದು ಕೇಳಿ ಬರೆದುಕೊಳ್ಳುವುದು, ರಚನೆಯನ್ನು ಯೋಜಿಸುವುದು, ಬರೆಯುವುದು, ಪರೀಕ್ಷಿಸುವುದು, ಮುಂದೆ ಕಾಪಾಡಿಕೊಂಡು ಬರುವುದು – ಇವು ಅದರ ಮುಖ್ಯ ಹಂತಗಳು.

ಬೀದರ ಜಿಲ್ಲೆಯ ವಿದ್ಯಾರ್ಥಿಗೆ ಇದನ್ನು ತಿಳಿಸಲು ಕಬ್ಬಿನ ತೂಕಕ್ಕಿಂತ ಉತ್ತಮ ದೃಷ್ಟಾಂತ ಬೇಕಿಲ್ಲ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕವನ್ನು ಕಳೆದು ದರದಿಂದ ಗುಣಿಸಿದರೆ ರೈತನಿಗೆ ಸಲ್ಲಬೇಕಾದ ಹಣ ದೊರೆಯುತ್ತದೆ. ಲೆಕ್ಕ ಒಂದು ಸಾಲಿನದು. ಆದರೆ ಕಳೆದ ಖಾಲಿ ತೂಕವು ಅದೇ ಗಾಡಿಯದೇ ಎಂದು ಯಾರು ನೋಡಬೇಕು? ಖಾಲಿ ತೂಕವೇ ಹೆಚ್ಚೆಂದು ನಮೂದಾದರೆ ಯಂತ್ರವು ಸುಮ್ಮನೆ ಋಣಸಂಖ್ಯೆಯನ್ನು ಬರೆಯಬೇಕೆ, ಇಲ್ಲವೆ ನಿಂತು ಎಚ್ಚರಿಸಬೇಕೆ? ಮುಂದಿನ ಹಂಗಾಮಿನಲ್ಲಿ ದರ ಬದಲಾದಾಗ ಒಂದು ಕಡೆ ತಿದ್ದಿದರೆ ಸಾಕೆ, ಹತ್ತು ಕಡೆ ಹುಡುಕಬೇಕೆ? ತೂಕ ಕ್ವಿಂಟಲಿನಲ್ಲಿದ್ದು ದರವು ಟನ್ನಿಗೆ ಗೊತ್ತಾಗಿದ್ದರೆ ಹತ್ತು ಪಟ್ಟು ವ್ಯತ್ಯಾಸವಾಗುವುದಿಲ್ಲವೆ?

ಈ ಕೊನೆಯ ಪ್ರಶ್ನೆ ಹಳ್ಳಿಯ ಗಮಾರಿಕೆಯದಲ್ಲ. ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹಕ್ಕೆ ಕಳುಹಿಸಿದ್ದ ಒಂದು ನೌಕೆಯು 1999ರ ಸೆಪ್ಟೆಂಬರಿನಲ್ಲಿ ನಷ್ಟವಾದುದಕ್ಕೆ, ಒಂದು ತಂಡದ ತಂತ್ರಾಂಶವು ಬಲವನ್ನು ಪೌಂಡಿನ ಮಾನದಲ್ಲಿ ಕೊಟ್ಟು ಇನ್ನೊಂದು ಅದನ್ನು ಮೆಟ್ರಿಕ್ ಮಾನವೆಂದು ತಿಳಿದುಕೊಂಡುದೇ ಕಾರಣವಾಗಿತ್ತು. ಅಲ್ಲಿ ಹೋದುದು ನೌಕೆ. ಇಲ್ಲಿ ಹೋಗುವುದು ಒಕ್ಕಲಿಗನ ವರ್ಷದ ದುಡಿಮೆ. ತೂಕದ ಚೀಟಿಯನ್ನು ಹಿಡಿದು ನಿಂತ ರೈತನನ್ನು ಅವನ ಮಾತಿನಲ್ಲಿಯೇ ವಿಚಾರಿಸಿ ಬೇಕಾದುದನ್ನು ತಿಳಿಯಬಲ್ಲವನೇ ಅವನಿಗೆ ನ್ಯಾಯ ದೊರಕಿಸುವ ತಂತ್ರಾಂಶವನ್ನು ಕಟ್ಟಬಲ್ಲನು.

ಬೋಧಕರಿಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಯಂತ್ರದ ಮುಂದೆ ಕೂರುವ ಮುನ್ನ ಪ್ರತಿಯೊಂದು ಸಮಸ್ಯೆಯ ಪರಿಹಾರವನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಹಂತಹಂತವಾಗಿ ಬರೆಯತಕ್ಕದ್ದು. ಔರಾದ ಕಡೆಯ ಅನೇಕ ಮಕ್ಕಳ ಮನೆಮಾತು ಮರಾಠಿ. ಬೀದರ ನಗರದ ಹಲವರದು ಉರ್ದು. ಅವರು ಆ ಮಾತಿನಲ್ಲಿ ಯೋಚಿಸಿದರೂ ಬಾಧಕವಿಲ್ಲ. ಹಿಂದೆ ಕನ್ನಡದ ಮಕ್ಕಳ ಮೇಲೆ ಆದ ಒತ್ತಾಯವನ್ನು ಕನ್ನಡದ ಹೆಸರಿನಲ್ಲಿ ಇತರರ ಮೇಲೆ ಹೇರುವುದು ತರವಲ್ಲ.

ಎರಡನೆಯದಾಗಿ, ಯಂತ್ರವು ನೀಡುವ ದೋಷಸೂಚನೆಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು, ಅರ್ಥವನ್ನೂ ದೋಷದ ಕಾರಣವನ್ನೂ ಎದುರಿಗೆ ಕನ್ನಡದಲ್ಲಿ ಬರೆಯುವ ಅಭ್ಯಾಸವನ್ನು ಮಾಡಿಸಬೇಕು. ಒಂದು ಅವಧಿಯ ಕೊನೆಗೆ ಅದು ವಿದ್ಯಾರ್ಥಿಯೇ ರಚಿಸಿದ ಕೋಶವಾಗುತ್ತದೆ. ತಾಂತ್ರಿಕ ಇಂಗ್ಲಿಷೂ ಅದರ ಮೂಲಕವೇ ಕೈವಶವಾಗುತ್ತದೆ.

ಮೂರನೆಯದಾಗಿ, ಪಾರಿಭಾಷಿಕ ಪದಗಳಲ್ಲಿ ಹಟ ಬೇಡ. ತಂತ್ರಾಂಶ, ದತ್ತಾಂಶ ಎಂಬ ಪದಗಳು ರೂಢಿಗೆ ಬಂದಿವೆ. ಬೈಟು, ಕೀಬೋರ್ಡು ಮೊದಲಾದುವು ಹಾಗೆಯೇ ಉಳಿದರೆ ಕನ್ನಡಕ್ಕೆ ಹಾನಿಯಿಲ್ಲ. ಕ್ಲಿಷ್ಟವಾದ ಅನುವಾದದಿಂದ ಎರಡು ಭಾಷೆಗಳೂ ದೂರವಾಗುತ್ತವೆ.

ನಾಲ್ಕನೆಯದಾಗಿ, ಪರೀಕ್ಷೆಯಲ್ಲಿ ಪಾಠ ಮಾಡಿದ ಕ್ರಮವಿಧಿಯನ್ನೇ ಕೇಳದೆ, ದೋಷವಿರುವ ಕ್ರಮವಿಧಿಯನ್ನು ಕೊಟ್ಟು ಯಾವ ಪದಕ್ಕೆ, ಯಾವ ಸಂಖ್ಯೆಗೆ ಅದು ಸೋಲುತ್ತದೆಂದು ಕೇಳಬೇಕು. ‘ಗುರು’ವಿನಿಂದ ಸೋತ ನಿಯಮವನ್ನು ಕಂಡವನು ಬಾಯಿಪಾಠಕ್ಕೆ ಮರಳಲಾರನು.

ಉಪಸಂಹಾರ

ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಶರಣರು ಅತಿ ಗಹನವಾದ ಅನುಭಾವವನ್ನು ಕಾಯಕದ ಜನರ ಮಾತಿನಲ್ಲಿ ನುಡಿದು ತೋರಿಸಿದರು. ಅಷ್ಟು ಗಹನವಾದುದಕ್ಕೆ ಒಗ್ಗಿದ ಭಾಷೆಯು ಗಣಕದ ನಿಯಮಗಳಿಗೆ ಒಗ್ಗದೆಂಬುದು ನಂಬತಕ್ಕ ಮಾತಲ್ಲ. ಭಾಲ್ಕಿಯ ಕನ್ನಡ ಆಸನಗಳು ಇಡೀ ಪದವಿಯನ್ನು ಕನ್ನಡದಲ್ಲಿ ಕಲಿಸುವ ಯೋಜನೆಯಾಗಿದ್ದುವು. ಅದು ಮುಂದೆ ಕೈಗೂಡಬಹುದು. ಅಲ್ಲಿಯವರೆಗೆ ಬೋಧಕರು ಕಾಯಬೇಕಾಗಿಲ್ಲ. ಫಲಕ ಯಾವ ಭಾಷೆಯಲ್ಲಿದ್ದರೂ ಒಳಗಿನ ಕಲಿಕೆ ಮಗುವಿಗೆ ತಿಳಿಯುವ ಮಾತಿನಲ್ಲಿ ನಡೆಯಬಹುದೆಂಬುದನ್ನು ಭಾಲ್ಕಿಯ ಮಠವು ಒಮ್ಮೆ ಸಾಧಿಸಿ ತೋರಿಸಿದೆ. ಪಠ್ಯವು ಇಂಗ್ಲಿಷಿನಲ್ಲಿರಲಿ, ಪರೀಕ್ಷೆಯೂ ಇಂಗ್ಲಿಷಿನಲ್ಲಿರಲಿ. ತಿಳಿವು ಮಾತ್ರ ವಿದ್ಯಾರ್ಥಿಯ ಸ್ವಂತದ್ದಾಗಿರಲಿ. ಹಾಗಾದರೆ ಔರಾದ, ಭಾಲ್ಕಿಗಳ ಮಕ್ಕಳು ಬೇರೆಯವರು ಬರೆದುದನ್ನು ನಕಲು ಮಾಡುವವರಾಗಿ ಉಳಿಯದೆ, ತಮ್ಮ ಜನಕ್ಕೆ ಬೇಕಾದುದನ್ನು ತಾವೇ ಕಟ್ಟುವವರಾಗುತ್ತಾರೆ.