ಬಿಲ್ ಕೌಂಟರಿನಲ್ಲಿ ಕೇಳುವ ಆ ಹತ್ತು ಅಂಕಿ

ತಿಂಗಳ ಮೊದಲ ಶನಿವಾರ, ಸಂಜೆ. ಬೆಂಗಳೂರಿನ ಯಾವ ಬಡಾವಣೆಯ ಸೂಪರ್ ಮಾರ್ಕೆಟ್ಟಿಗೆ ಹೋದರೂ ಬಿಲ್ಲಿಂಗ್ ಕೌಂಟರಿನ ಸಾಲು ತರಕಾರಿ ತೂಗುವ ಜಾಗದವರೆಗೂ ಬೆಳೆದಿರುತ್ತದೆ. ಟ್ರಾಲಿಯಲ್ಲಿ ಸೋನಾ ಮಸೂರಿ ಮೂಟೆ, ತೊಗರಿಬೇಳೆ, ಎಣ್ಣೆ ಪ್ಯಾಕೆಟ್ಟು, ಮಗುವಿನ ಡೈಪರ್, ಅಜ್ಜನಿಗೆಂದು ತೆಗೆದುಕೊಂಡ ಸಕ್ಕರೆರಹಿತ ಬಿಸ್ಕತ್ತು. ಮೊದಲ ಸಾಮಾನು ಸ್ಕ್ಯಾನರ್ ಮುಂದೆ ಹೋಗುವ ಮುನ್ನವೇ ಕೌಂಟರಿನ ಹುಡುಗಿ ಕೇಳುತ್ತಾಳೆ, ‘ಮೇಡಂ, ನಂಬರ್ ಹೇಳಿ.’ ಮೇಡಂ ಹೇಳುತ್ತಾರೆ. ಗದ್ದಲದಲ್ಲಿ ಕೇಳಿಸುವುದಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳುತ್ತಾರೆ. ಹುಡುಗಿ ಹತ್ತೂ ಅಂಕಿಯನ್ನು ತಿರುಗಿ ಓದಿ, ಪರದೆಯ ಮೇಲೆ ಮೂಡಿದ ಹೆಸರನ್ನೂ ಓದಿ ಖಚಿತಪಡಿಸಿಕೊಳ್ಳುತ್ತಾಳೆ. ಹಿಂದೆ ನಿಂತ ಏಳೆಂಟು ಮಂದಿಗೆ ಆ ಹೆಣ್ಣುಮಗಳ ಹೆಸರೂ ನಂಬರೂ ಪುಕ್ಕಟೆಯಾಗಿ ಸಿಕ್ಕಿರುತ್ತವೆ.

ನಂಬರ್ ಕೊಡದಿದ್ದರೆ ಬಿಲ್ ಆಗುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ವಯಸ್ಸಾದವರಂತೂ ಅದು ಸರ್ಕಾರದ ನಿಯಮವೇ ಇರಬೇಕೆಂದುಕೊಂಡು, ಕೇಳುವ ಮೊದಲೇ ಹೇಳಿಬಿಡುತ್ತಾರೆ.

ಅಂಥ ನಿಯಮವಿಲ್ಲ. ಬಿಲ್ಲಿನಲ್ಲಿ ಏನೇನು ಇರಬೇಕೆಂದು ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮ ಹೇಳುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರು 50,000 ರೂಪಾಯಿಗಿಂತ ಕಡಿಮೆ ಮೊತ್ತದ ಸಾಮಾನು ಕೊಂಡಾಗ ಹೆಸರು, ವಿಳಾಸ ಕೂಡ ಕಡ್ಡಾಯವಲ್ಲ. ಮೊಬೈಲ್ ನಂಬರ್ ಎಂಬುದು ಆ ಪಟ್ಟಿಯಲ್ಲೇ ಇಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಬಗ್ಗೆ ಚಿಲ್ಲರೆ ವ್ಯಾಪಾರಿಗಳಿಗೆ ಸಲಹಾ ಸೂಚನೆಯನ್ನೂ ಹೊರಡಿಸಿತು: ನಂಬರ್ ಕೊಟ್ಟರೆ ಮಾತ್ರ ಬಿಲ್ ಎಂದು ಪಟ್ಟು ಹಿಡಿಯುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಮೊದಲ ಹೆಜ್ಜೆ: ಒಂದೇ ಒಂದು ವಾಕ್ಯ

ಹಾಗಾಗಿ ಕಲಿಯಬೇಕಾದ ಮೊದಲ ಪಾಠ ಬಹಳ ಸಣ್ಣದು. ‘ನಂಬರ್ ಬೇಡಮ್ಮ, ಹಾಗೇ ಬಿಲ್ ಮಾಡು.’ ಇಷ್ಟು ಸಾಕು, ಕಾರಣ ವಿವರಿಸಬೇಕಾಗಿಲ್ಲ. ‘ಸಿಸ್ಟಮ್ ತಗೊಳ್ಳಲ್ಲ ಮೇಡಂ’ ಎಂಬ ಉತ್ತರ ಬಂದರೆ ಸ್ಟೋರ್ ಮ್ಯಾನೇಜರನ್ನು ಕರೆಸಲು ಹೇಳಬೇಕು. ಮೊಬೈಲೇ ಇಲ್ಲದ ಗಿರಾಕಿ ಬಂದರೂ ಅಂಗಡಿ ಸಾಮಾನು ಮಾರಲೇಬೇಕಲ್ಲ, ಅದಕ್ಕೊಂದು ದಾರಿ ಅವರ ಬಳಿ ಇದ್ದೇ ಇರುತ್ತದೆ. ಕೌಂಟರಿನಲ್ಲಿ ನಿಂತವರ ಮೇಲೆ ರೇಗುವುದು ಮಾತ್ರ ಸಲ್ಲ. ಕೇಳು ಎಂದು ಮೇಲಿನವರು ಹೇಳಿದ್ದಾರೆ, ಅವರು ಕೇಳುತ್ತಾರೆ. ದಿನಕ್ಕೆ ಹತ್ತು ಗಂಟೆ ನಿಂತೇ ದುಡಿಯುವ ಆ ಮಕ್ಕಳು ಈ ಪದ್ಧತಿಯನ್ನು ಕಟ್ಟಿದವರಲ್ಲ.

ಬಾಯಿಗೆ ಬಂದ ಯಾವುದೋ ಹತ್ತು ಅಂಕಿ ಹೇಳಿ ಪಾರಾಗುವವರೂ ಇದ್ದಾರೆ. ಅದು ಸರಿಯಲ್ಲ. ಆ ನಂಬರ್ ಯಾರದ್ದೋ ಆಗಿರುತ್ತದೆ. ಕೇಳರಿಯದ ಅಂಗಡಿಯ ಬಿಲ್ಲು, ಮೆಸೇಜು ಆ ಪಾಪದವರ ಫೋನಿಗೆ ಹೋಗಿ ಬೀಳುತ್ತವೆ.

ಅಂಗಡಿಗೆ ನಂಬರ್ ಏಕೆ ಬೇಕು?

ಬ್ರಿಟನ್ನಿನ ಟೆಸ್ಕೊ ಕಂಪನಿ 1995ರ ಫೆಬ್ರವರಿಯಲ್ಲಿ ‘ಕ್ಲಬ್‌ಕಾರ್ಡ್’ ಎಂಬ ಪಾಯಿಂಟ್ ಕಾರ್ಡನ್ನು ದೇಶದಾದ್ಯಂತ ತಂದಿತು. ಅದಕ್ಕೂ ಮುನ್ನ ಕೆಲವು ಅಂಗಡಿಗಳಲ್ಲಿ ಪ್ರಯೋಗ ನಡೆಸಿ, ಬಂದ ಮಾಹಿತಿಯನ್ನು ಡನ್‌ಹಂಬಿ ಎಂಬ ಸಂಸ್ಥೆಯಿಂದ ವಿಶ್ಲೇಷಣೆ ಮಾಡಿಸಿತ್ತು. ಫಲಿತಾಂಶ ನೋಡಿದ ಟೆಸ್ಕೊ ಅಧ್ಯಕ್ಷ ಇಯಾನ್ ಮೆಕ್ಲಾರಿನ್, ಗಿರಾಕಿಗಳ ಬಗ್ಗೆ ತಾನು 30 ವರ್ಷದಲ್ಲಿ ತಿಳಿದದ್ದಕ್ಕಿಂತ ಹೆಚ್ಚನ್ನು ಇವರು ಮೂರೇ ತಿಂಗಳಲ್ಲಿ ತಿಳಿದಿದ್ದಾರೆ, ಭಯವಾಗುತ್ತದೆ ಎಂಬರ್ಥದ ಮಾತಾಡಿದ್ದು ವ್ಯಾಪಾರ ಲೋಕದಲ್ಲಿ ಪ್ರಸಿದ್ಧ.

ಅಮೆರಿಕದ ಟಾರ್ಗೆಟ್ ಮಳಿಗೆಗಳ ಕತೆ ಇನ್ನೂ ಒಂದು ಹೆಜ್ಜೆ ಮುಂದಿನದು. ಪತ್ರಕರ್ತ ಚಾರ್ಲ್ಸ್ ಡುಹಿಗ್ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದಂತೆ, ಅಲ್ಲಿನ ಸಂಖ್ಯಾಶಾಸ್ತ್ರಜ್ಞರು ಸುಮಾರು 25 ಬಗೆಯ ವಸ್ತುಗಳ ಖರೀದಿಯನ್ನು ಜೋಡಿಸಿ ನೋಡಿ ಯಾವ ಗ್ರಾಹಕಿ ಗರ್ಭಿಣಿಯಾಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು. ವಾಸನೆಯಿಲ್ಲದ ಲೋಷನ್, ಕ್ಯಾಲ್ಸಿಯಂ, ಸತುವಿನ ಮಾತ್ರೆ. ಒಂದೊಂದನ್ನೇ ನೋಡಿದರೆ ಯಾವುದರಲ್ಲೂ ಗುಟ್ಟಿಲ್ಲ. ಒಬ್ಬರ ಹೆಸರಿನ ಕೆಳಗೆ ತಿಂಗಳುಗಟ್ಟಲೆ ಒಟ್ಟಾಗಿ ಸೇರಿದಾಗ ಗುಟ್ಟು ಹೊರಬೀಳುತ್ತದೆ. ಈ ಮಾತನ್ನು ನಮ್ಮ ದಿನಸಿ ಪಟ್ಟಿಗೆ ಹೊಂದಿಸಿ ನೋಡಬೇಕು. ಸಕ್ಕರೆರಹಿತ ಬಿಸ್ಕತ್ತು, ರಾಗಿಹಿಟ್ಟು, ಸಿರಿಧಾನ್ಯ ಒಟ್ಟಿಗೆ ಬಂದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆಂದು ಊಹಿಸಬಹುದು. ಡೈಪರಿನ ಅಳತೆ ಬದಲಾದರೆ ಮಗುವಿನ ವಯಸ್ಸು ತಿಳಿಯುತ್ತದೆ. ಹಬ್ಬಕ್ಕೆ ಏನು ಕೊಂಡರು ಎಂಬುದರಲ್ಲಿ ಮನೆಯ ಧರ್ಮ, ಆಚಾರ ಕಾಣುತ್ತದೆ.

ಬೀದಿ ಕೊನೆಯ ಕಿರಾಣಿ ಅಂಗಡಿಯವರಿಗೂ ಇದೆಲ್ಲ ಗೊತ್ತಿರುತ್ತಿತ್ತು, ಉದ್ರಿ ಪುಸ್ತಕದಲ್ಲಿ ಮನೆಯ ಕಷ್ಟಸುಖವೇ ಇರುತ್ತಿತ್ತು ಎನ್ನಬಹುದು. ನಿಜ. ಆದರೆ ಆ ಪುಸ್ತಕ ಗಲ್ಲಾಪೆಟ್ಟಿಗೆ ದಾಟಿ ಹೋಗುತ್ತಿರಲಿಲ್ಲ. ಇಂದಿನ ಕೀಲಿ ಮೊಬೈಲ್ ನಂಬರು. ಹಿಂದಿನ ಪ್ಲಾಸ್ಟಿಕ್ ಕಾರ್ಡನ್ನಾದರೂ ಬೇಡವೆನಿಸಿದಾಗ ಕತ್ತರಿಸಿ ಎಸೆಯಬಹುದಿತ್ತು. ನಂಬರನ್ನು ಎಸೆಯಲಾಗದು. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆಯ ವಾಟ್ಸ್‌ಆ್ಯಪ್ ಗುಂಪು ಎಲ್ಲಕ್ಕೂ ಅದೇ.

ಅಂಗಡಿಯ ಉದ್ದೇಶ ಒಳ್ಳೆಯದೇ ಇದ್ದರೂ ಮಾಹಿತಿ ಸೋರಿದರೆ? ಬೆಂಗಳೂರಿನದೇ ಕಂಪನಿಯಾದ ಬಿಗ್‌ಬ್ಯಾಸ್ಕೆಟ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಕಳವಾಗಿ ಮಾರಾಟಕ್ಕಿದೆ ಎಂದು 2020ರ ನವೆಂಬರ್‌ನಲ್ಲಿ ಸೈಬಲ್ ಎಂಬ ಭದ್ರತಾ ಸಂಸ್ಥೆ ಬಹಿರಂಗಪಡಿಸಿತು. ಹೆಸರು, ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ ಅದರಲ್ಲಿದ್ದವು. ಕಂಪನಿ ಬೆಂಗಳೂರಿನ ಸೈಬರ್ ಕ್ರೈಂ ವಿಭಾಗಕ್ಕೆ ದೂರನ್ನೂ ಕೊಟ್ಟಿತು. ಆದರೆ ಒಮ್ಮೆ ಹೊರಹೋದ ಹುಟ್ಟಿದ ದಿನವನ್ನು ಯಾವ ಪೊಲೀಸರೂ ಮರಳಿ ತಂದುಕೊಡಲಾರರು.

ಎರಡನೇ ಹೆಜ್ಜೆ: ಪಾಯಿಂಟಿನ ಬೆಲೆ ಕಟ್ಟುವುದು

ಇಷ್ಟಾದರೂ ಪಾಯಿಂಟ್ ಬೇಡವೇ ಬೇಡ ಎಂದೇನೂ ಅಲ್ಲ. ಲೆಕ್ಕ ಹಾಕಿ ಒಪ್ಪಬೇಕು, ಅಷ್ಟೆ. ಒಂದು ಮನೆಗೆ ತಿಂಗಳಿಗೆ 4,000 ರೂಪಾಯಿ ದಿನಸಿ ಬರುತ್ತದೆ, 100 ರೂಪಾಯಿಗೆ 1 ಪಾಯಿಂಟ್, 1 ಪಾಯಿಂಟಿಗೆ 50 ಪೈಸೆ ಎಂದು ಇಟ್ಟುಕೊಂಡರೆ ವರ್ಷಕ್ಕೆ 480 ಪಾಯಿಂಟ್, ಅಂದರೆ 240 ರೂಪಾಯಿ. ಇಡೀ ವರ್ಷದ ಮನೆಯ ಊಟದ ಪಟ್ಟಿಗೆ ಅದು ಸಾಕೇ ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು. ಪಾಯಿಂಟಿಗೆ ಅವಧಿ ಇದೆಯೇ, ಕನಿಷ್ಠ ಎಷ್ಟು ಸೇರಿದರೆ ಬಳಸಬಹುದು ಎಂದು ಸೇರುವ ಮೊದಲೇ ಕೇಳಿಕೊಳ್ಳಬೇಕು.

ಸೇರುವುದಾದರೆ ಕಡ್ಡಾಯವಾದ ಜಾಗವನ್ನಷ್ಟೇ ತುಂಬಬೇಕು. ಹುಟ್ಟಿದ ದಿನ, ಮದುವೆ ವಾರ್ಷಿಕೋತ್ಸವ, ಮಕ್ಕಳ ಹೆಸರು, ಮನೆಯ ಆದಾಯ ಇವೆಲ್ಲ ಖಾಲಿ ಇರಲಿ. ಬ್ಯಾಂಕಿಗೆ ಜೋಡಿಸದ ಎರಡನೇ ಸಿಮ್ ಇದ್ದರೆ ಆ ನಂಬರನ್ನೇ ಕೊಡುವುದು ಒಳ್ಳೆಯದು. ಕೂಗಿ ಹೇಳುವ ಬದಲು ಚೀಟಿಯಲ್ಲಿ ಬರೆದೋ, ಫೋನಿನ ಪರದೆಯಲ್ಲಿ ಟೈಪ್ ಮಾಡಿಯೋ ತೋರಿಸಬಹುದು. ಹೆಣ್ಣುಮಕ್ಕಳಿಗೆ ಈ ಒಂದು ಅಭ್ಯಾಸ ಎಷ್ಟೋ ತೊಂದರೆ ತಪ್ಪಿಸುತ್ತದೆ.

ಮಾಲ್‌ಗಳ ಬಾಗಿಲಲ್ಲಿ, ದಸರಾ ದೀಪಾವಳಿ ಹೊತ್ತಿಗೆ ಕಾಣುವ ಲಕ್ಕಿ ಡ್ರಾ ಡಬ್ಬಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. ಕೂಪನ್ ತುಂಬದೆ ಮುಂದೆ ಹೋಗುವುದೇ ಕ್ಷೇಮ.

ಒಟಿಪಿ, ಯುಪಿಐ, ಬಿಲ್ಲಿನ ಚೀಟಿ

ಕೌಂಟರಿನಲ್ಲಿ ‘ಒಂದು ಒಟಿಪಿ ಬಂದಿರುತ್ತೆ, ಹೇಳಿ ಸರ್’ ಎಂದರೆ ತಕ್ಷಣ ಹೇಳಬಾರದು. ಮೊದಲು ಮೆಸೇಜು ಪೂರ್ತಿ ಓದಬೇಕು. ಪಾಯಿಂಟ್ ಬಳಸಲೆಂದು ಬಂದ ಒಟಿಪಿಗೂ, ಸದಸ್ಯತ್ವಕ್ಕೆ ಒಪ್ಪಿಗೆ ಕೊಡುವ ಒಟಿಪಿಗೂ ಅಂಕಿಗಳು ನೋಡಲು ಒಂದೇ ರೀತಿ. ವ್ಯತ್ಯಾಸ ಇರುವುದು ಮೆಸೇಜಿನ ಮಾತಿನಲ್ಲಿ. ಕನ್ನಡಕ ಮರೆತು ಬಂದಿದ್ದರೆ ಆ ದಿನ ಪಾಯಿಂಟ್ ಬಳಸದಿದ್ದರೂ ನಷ್ಟವಿಲ್ಲ.

ನಂಬರ್ ಕೊಡದೆ ಬಂದರೂ ಯುಪಿಐ ಅದನ್ನು ಬಿಟ್ಟುಕೊಡಬಹುದು. ಹಲವರ ಯುಪಿಐ ಐಡಿ ಎಂದರೆ ಅವರ ಮೊಬೈಲ್ ನಂಬರಿನ ಮುಂದೆ ಬ್ಯಾಂಕಿನ ಹೆಸರು. ಹಣ ಕಳಿಸುವ ಆ್ಯಪ್‌ನ ಪ್ರೊಫೈಲ್ ವಿಭಾಗಕ್ಕೆ ಹೋಗಿ ಅಂಕಿಗಳಿಲ್ಲದ ಬೇರೊಂದು ಐಡಿ ಮಾಡಿಕೊಂಡು, ಪಾವತಿಗೆ ಅದನ್ನೇ ಮುಖ್ಯವಾಗಿ ಇಟ್ಟುಕೊಳ್ಳಬಹುದು. ಐದು ನಿಮಿಷದ ಕೆಲಸ.

ಇನ್ನು ಬಿಲ್ಲಿನ ಚೀಟಿ. ಹೊರಬಾಗಿಲಲ್ಲಿ ಸೆಕ್ಯುರಿಟಿಯವರು ಗುರುತು ಹಾಕಿ ಕೊಟ್ಟೊಡನೆ ಅದನ್ನು ಅಲ್ಲೇ ಇರುವ ಬುಟ್ಟಿಗೆ ಹಾಕಿಬಿಡುವುದು ಹಲವರ ರೂಢಿ. ಅದರ ಮೇಲೆ ಹೆಸರು, ನಂಬರು ಅಚ್ಚಾಗಿದೆಯೇ ಎಂದು ನೋಡಿ, ಇದ್ದರೆ ಮನೆಗೆ ತಂದು ಹರಿದು ಹಾಕಬೇಕು.

ಔಷಧಿ ಅಂಗಡಿಯ ಮಾತು ಸ್ವಲ್ಪ ಬೇರೆ. ಕೆಲವು ಆ್ಯಂಟಿಬಯಾಟಿಕ್, ನಿದ್ರೆ ಮಾತ್ರೆ ಮೊದಲಾದ ‘ಎಚ್1’ ಪಟ್ಟಿಯ ಔಷಧಿ ಮಾರುವಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮವಿದೆ. ಅಲ್ಲಿ ಹೆಸರು ಕೊಡುವುದು ಕರ್ತವ್ಯ. ಆದರೆ ಡಿಸ್ಕೌಂಟಿಗೆಂದು ಕೇಳುವ ಮೊಬೈಲ್ ನಂಬರಿಗೂ ಆ ನಿಯಮಕ್ಕೂ ಸಂಬಂಧವಿಲ್ಲ. ಬೇರೆಲ್ಲ ಕಡೆಗಿಂತ ಇಲ್ಲಿಯೇ ‘ಬೇಡ’ ಎನ್ನುವುದು ಹೆಚ್ಚು ಅಗತ್ಯ. ಒಬ್ಬರ ಕಾಯಿಲೆಗಿಂತ ಖಾಸಗಿಯಾದದ್ದು ಬೇರೇನಿದೆ?

ಈಗಾಗಲೇ ಕೊಟ್ಟಾಗಿದ್ದರೆ

ಪ್ರಚಾರದ ಮೆಸೇಜುಗಳನ್ನು ಗುರುತಿಸುವುದು ಈಗ ಸುಲಭ. ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ‘ಪಿ’ ಅಕ್ಷರವಿದ್ದರೆ ಅದು ಪ್ರಚಾರದ್ದು. ‘ಎಸ್’ ಎಂದರೆ ಸೇವೆ, ‘ಟಿ’ ಎಂದರೆ ವಹಿವಾಟು, ‘ಜಿ’ ಎಂದರೆ ಸರ್ಕಾರ. 1909ಕ್ಕೆ ಕರೆ ಮಾಡಿಯೋ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಮೂಲಕವೋ ಪ್ರಚಾರದ ಕರೆ, ಮೆಸೇಜುಗಳಿಗೆ ತಡೆ ಹಾಕಿಸಬಹುದು. ಆದರೆ ಸದಸ್ಯತ್ವದ ಫಾರ್ಮಿನಲ್ಲಿ ಅಂಗಡಿಗೆ ಒಪ್ಪಿಗೆ ಕೊಟ್ಟಿದ್ದರೆ ಆ ಅಂಗಡಿಯ ಮೆಸೇಜನ್ನು ಡಿಎನ್‌ಡಿ ತಡೆಯುವುದಿಲ್ಲ. ಡಿಎನ್‌ಡಿ ಹಾಕಿದರೂ ಬರ್ತಿದೆಯಲ್ಲ ಎಂದು ಎಷ್ಟೋ ಜನ ಗೊಣಗುವುದರ ಹಿಂದೆ ಇದೇ ಕಾರಣ ಇರಬಹುದು. ಒಪ್ಪಿಗೆಯನ್ನೇ ಹಿಂತೆಗೆದುಕೊಳ್ಳಬೇಕು.

ಅದಕ್ಕೆ ಕಂಪನಿಗೆ ಇ-ಮೇಲ್ ಬರೆಯುವುದೇ ನೇರ ದಾರಿ. ಗ್ರಾಹಕರ ಮಾಹಿತಿ ಸಂಗ್ರಹಿಸುವ ಕಂಪನಿಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು, ದೂರನ್ನು ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2011ರ ಮಾಹಿತಿ ತಂತ್ರಜ್ಞಾನ ನಿಯಮಗಳೇ ಹೇಳಿವೆ. ಪತ್ರದಲ್ಲಿ ಮೂರು ಸಾಲು ಸಾಕು: ‘ಈ ನಂಬರಿನಲ್ಲಿರುವ ಸದಸ್ಯತ್ವ ರದ್ದು ಮಾಡಿ. ಪ್ರಚಾರದ ಮೆಸೇಜು, ಕರೆ ನಿಲ್ಲಿಸಿ. ತೆರಿಗೆ ಲೆಕ್ಕಕ್ಕೆ ಬೇಕಾದ್ದನ್ನು ಬಿಟ್ಟು ಉಳಿದ ವೈಯಕ್ತಿಕ ವಿವರ ಅಳಿಸಿ, ಅಳಿಸಿದ್ದನ್ನು ಬರಹದಲ್ಲಿ ತಿಳಿಸಿ.’ ರದ್ದು ಮಾಡಿಸುವ ಮೊದಲು ಉಳಿದ ಪಾಯಿಂಟುಗಳನ್ನು ಬಳಸಿಕೊಳ್ಳುವುದು ಮರೆಯಬಾರದು.

ಉತ್ತರ ಬಾರದಿದ್ದರೆ, ಅಥವಾ ನಂಬರ್ ಕೊಡಲಿಲ್ಲವೆಂದು ಅಂಗಡಿ ಬಿಲ್ಲನ್ನೇ ಕೊಡದಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ದಿನಾಂಕ, ಅಂಗಡಿ ಇರುವ ಜಾಗ, ಕೌಂಟರ್ ಸಂಖ್ಯೆ ಬರೆದಿಟ್ಟುಕೊಂಡಿದ್ದರೆ ದೂರಿಗೆ ಬಲ ಬರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಬಿಗಿಯಾದ ಹಿಡಿತ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದಾಗ ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು, ಅಂದರೆ 2027ರ ಮೇವರೆಗೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು ಎನ್ನುತ್ತದೆ ಕಾಯ್ದೆ. ಭದ್ರತೆಯಲ್ಲಿ ಲೋಪವೆಸಗಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಕನ್ನಡದವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಅದರಲ್ಲಿದೆ: ಯಾವ ಮಾಹಿತಿ, ಏತಕ್ಕೆ ಎಂದು ತಿಳಿಸುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆ ಗ್ರಾಹಕರಿಗಿರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಸಣ್ಣ ಅಕ್ಷರದ ಇಂಗ್ಲಿಷ್ ಫಾರ್ಮನ್ನು ಮುಂದಿಟ್ಟು ಸಹಿ ಕೇಳಿದಾಗ, ‘ಇದರ ಕನ್ನಡ ಪ್ರತಿ ಎಲ್ಲಿದೆ?’ ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಶುರು ಮಾಡಬಹುದು.