ಕಡಿಮೆ ಖರ್ಚಿನ ಅರಿಶಿನ ಪಾಲಿಶ್ ಡ್ರಮ್: ಕೊಳ್ಳುವ ಮುಂಚೆ ಏನು ನೋಡಬೇಕು?

ಬೇಯಿಸಿ ಒಣಗಿಸಿದ ಅರಿಶಿನವನ್ನ ಹಾಗೇ ಮಾರುಕಟ್ಟೆಗೆ ಒಯ್ದರೆ ವ್ಯಾಪಾರಿ ಮೊದಲು ನೋಡೋದು ಮೇಲಿನ ಸಿಪ್ಪೆ, ಬೇರಿನ ಚೂರು, ಮಂಕು ಬಣ್ಣ. ಒಳಗೆ ಎಷ್ಟೇ ಚೆನ್ನಾಗಿದ್ದರೂ ದರ ಇಳಿಸೋಕೆ ಅವನಿಗೆ ಅಷ್ಟು ನೆಪ ಸಾಕು. ದೊಡ್ಡ ಬೆಳೆಗಾರರು ಪವರ್ ಪಾಲಿಶರ್ ಇಟ್ಟುಕೊಂಡಿರ್ತಾರೆ. ಅರ್ಧ ಎಕರೆ, ಒಂದು ಎಕರೆ ಬೆಳೆಯೋರು ಗೋಣಿಚೀಲದಲ್ಲಿ ತುಂಬಿ ತುಳಿಯೋದು, ಒರಟು ನೆಲದ ಮೇಲೆ ಉಜ್ಜೋದು ಈಗಲೂ ಉಂಟು. ಇಂಥವರಿಗೆ ಒಂದು ಸಣ್ಣ ಡ್ರಮ್ ಸಾಕಾಗುತ್ತೆ. ಆದರೆ ಅಗ್ಗಕ್ಕೆ ಸಿಕ್ಕಿತು ಅಂತ ಯಾವುದೋ ಒಂದನ್ನ ತರಬೇಡಿ.

ಡ್ರಮ್ ಕೆಲಸ ಮಾಡೋ ರೀತಿ ಸರಳ. ಮಧ್ಯದ ಅಚ್ಚಿನ ಮೇಲೆ ಡ್ರಮ್ ತಿರುಗುತ್ತೆ. ಕೊಂಬುಗಳು ಮೇಲೇರಿ, ಒಂದರ ಮೇಲೊಂದು ಉರುಳಿ, ಜಾಲರಿಗೂ ಉಜ್ಜಿಕೊಂಡು ಸಿಪ್ಪೆ ಬಿಡುತ್ತವೆ. ಅಮೆರಿಕದಲ್ಲಿ ಬಂದೂಕಿನ ಖಾಲಿ ಹಿತ್ತಾಳೆ ತೋಟಾಗಳನ್ನ ಮರುಬಳಕೆ ಮಾಡೋರು ಅವನ್ನ ಹೊಳೆಯುವಂತೆ ಮಾಡೋಕೆ ಇಂಥದ್ದೇ ಪುಟ್ಟ ಯಂತ್ರ ಬಳಸ್ತಾರೆ; ಉಜ್ಜೋಕೆ ಅದರೊಳಗೆ ಹಾಕೋದು ಮೆಕ್ಕೆಜೋಳದ ಬೆಂಡಿನ ಪುಡಿ! ನಮ್ಮ ಅರಿಶಿನಕ್ಕೆ ಅದೇನೂ ಬೇಡ, ಕೊಂಬಿಗೆ ಕೊಂಬೇ ಉಜ್ಜುಗೊರಡು.

ಹಾಗಾಗಿ ಮೊದಲು ನೋಡಬೇಕಾದ್ದು ಡ್ರಮ್ಮಿನ ಮೈ. ವಜ್ರದಾಕಾರದ ಕಣ್ಣಿರುವ ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲರಿ ಇದ್ದರೆ ಒಳ್ಳೇದು. ಅದರ ಅಂಚು ಸಿಪ್ಪೆಯನ್ನ ಕೆರೆಯುತ್ತೆ, ಧೂಳು ಕಣ್ಣಿನಿಂದ ಹೊರಗೆ ಉದುರುತ್ತೆ. ನುಣುಪು ತಗಡಿಗೆ ತೂತು ಹೊಡೆದ ಡ್ರಮ್ ನೋಡೋಕೆ ಚೆಂದ, ಆದರೆ ಅದರಲ್ಲಿ ಕೆಲಸ ನಿಧಾನ. ಜಾಲರಿಯ ಕಣ್ಣು ನಿಮ್ಮ ಸಣ್ಣ ಕೊಂಬು ಜಾರಿಹೋಗುವಷ್ಟು ದೊಡ್ಡದಿರಬಾರದು. ಅಂಗಡಿಗೆ ಹೋಗುವಾಗ ಮನೆಯಿಂದ ನಾಲ್ಕು ಕೊಂಬು ಜೇಬಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ತೂರಿಸಿ ನೋಡಿ. ಒಳಭಾಗಕ್ಕೆ ಬಣ್ಣ ಬಳಿದಿದ್ದರೆ ಬೇಡ, ಅದು ಉಜ್ಜಿ ಅರಿಶಿನಕ್ಕೇ ಸೇರುತ್ತೆ. ಹಳೇ ಬ್ಯಾರಲ್ ಕತ್ತರಿಸಿ ಮಾಡಿಸೋದಾದರೆ ಅದರಲ್ಲಿ ಮುಂಚೆ ಏನಿತ್ತು ಅಂತ ಕೇಳಿ. ಕೀಟನಾಶಕ, ಪೇಂಟ್, ಕೆಮಿಕಲ್ ಇದ್ದ ಬ್ಯಾರಲ್ ಎಷ್ಟು ತೊಳೆದರೂ ತಿನ್ನೋ ಪದಾರ್ಥಕ್ಕೆ ಆಗೋದಿಲ್ಲ.

ಎರಡನೇದು ವೇಗ. ಪಾಲಿಶಿಂಗಿಗೆ ನಿಮಿಷಕ್ಕೆ ಸುಮಾರು 30 ಸುತ್ತು ಸರಿಯಾದ ಲೆಕ್ಕ. ಜೋರಾಗಿ ತಿರುಗಿಸಿದರೆ ಬೇಗ ಆಗುತ್ತೆ ಅನ್ನೋದು ತಪ್ಪು. 2 ಅಡಿ ಅಗಲದ ಡ್ರಮ್ ನಿಮಿಷಕ್ಕೆ 55 ಸುತ್ತಿನ ಹತ್ತಿರ ಹೋದರೆ ಕೊಂಬುಗಳು ಗೋಡೆಗೇ ಅಂಟಿಕೊಂಡು ಸುತ್ತುತ್ತವೆ, ಉರುಳೋದೇ ಇಲ್ಲ. ಸಾಮಾನ್ಯ ಸಿಂಗಲ್ ಫೇಸ್ ಮೋಟರ್ 1440 ಸುತ್ತಿನದು. ಅದನ್ನ 30ಕ್ಕೆ ಇಳಿಸಬೇಕಂದ್ರೆ 48 ಪಟ್ಟು ಕಡಿಮೆ ಮಾಡಬೇಕು. ಒಂದೇ ಬೆಲ್ಟಿನಲ್ಲಿ ಇದು ಆಗೋ ಮಾತಲ್ಲ. ಮೊದಲ ಹಂತದಲ್ಲಿ 6 ಪಟ್ಟು, ಎರಡನೇ ಹಂತದಲ್ಲಿ 8 ಪಟ್ಟು ಇಳಿಸಬೇಕು, ಇಲ್ಲವೇ ಗೇರ್‌ಬಾಕ್ಸ್ ಬೇಕು. ಮಾರುವವರು ಮೋಟರಿನ ಹೆಚ್‌ಪಿ ಹೇಳ್ತಾರೆ, ಡ್ರಮ್ಮಿನ ಸುತ್ತು ಹೇಳೋದಿಲ್ಲ. ಡ್ರಮ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ನೀವೇ ಎಣಿಸಿ.

ತುಂಬೋದು ಅರ್ಧಕ್ಕಿಂತ ಕೊಂಚ ಕಡಿಮೆ. ಪೂರ್ತಿ ತುಂಬಿದರೆ ಉರುಳೋಕೆ ಜಾಗ ಇರೋದಿಲ್ಲ.

ಇನ್ನು ಗಾತ್ರ. ಎಕರೆಗೆ 80 ಕ್ವಿಂಟಲ್ ಹಸಿ ಅರಿಶಿನ ಬಂತು, ಒಣಗಿದಾಗ ಐದನೇ ಒಂದು ಭಾಗ ಉಳಿಯಿತು ಅಂದುಕೊಳ್ಳಿ: 16 ಕ್ವಿಂಟಲ್. ಒಂದು ಸಲಕ್ಕೆ 25 ಕಿಲೋ ಹಿಡಿಯೋ ಡ್ರಮ್, ಪ್ರತಿ ಸಲ 40 ನಿಮಿಷ ಅಂದರೆ ದಿನಕ್ಕೆ 6 ಗಂಟೆಯಲ್ಲಿ 9 ಸಲ, 225 ಕಿಲೋ. ಏಳೆಂಟು ದಿನದ ಕೆಲಸ. ಮನೆಯವರೇ ಮಾಡಿಕೊಂಡರೆ ಇದು ಹೊರೆಯಲ್ಲ, ಒಂದೆಕರೆಗೆ ಇದಕ್ಕಿಂತ ದೊಡ್ಡದು ಬೇಡ ಅಂತ ನನ್ನ ಅಭಿಪ್ರಾಯ. ಅರ್ಧ ಎಕರೆಯಾದರೆ ಕೈ ಹಿಡಿಯ ಡ್ರಮ್ಮೇ ಸಾಕು, ಕರೆಂಟ್ ಕಾಯೋ ತಾಪತ್ರಯವೂ ಇಲ್ಲ. ವರ್ಷಕ್ಕೆ ಒಂದು ವಾರ ಓಡಿ ಉಳಿದ ಕಾಲ ಮೂಲೆಯಲ್ಲಿ ಕೂರೋ ಯಂತ್ರ ಇದು. ಹಾಗಾಗಿ ನಾಲ್ಕು ಮನೆಯವರು ಸೇರಿ ತಗೊಳ್ಳೋದು ಜಾಣತನ. ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತಾ ಅಂತಲೂ ಮೊದಲೇ ವಿಚಾರಿಸಿ.

ದುಡ್ಡು ಉಳಿಸಲೇಬಾರದ ಜಾಗ ಎರಡು: ಬೇರಿಂಗ್ ಮತ್ತು ಬೆಲ್ಟಿನ ಮುಚ್ಚಳ. ಬೇರಿಂಗ್ ಬದಲು ಬರೀ ಬುಷ್ ಹಾಕಿದ ಡ್ರಮ್ ಬೇಗ ಸವೆದು ಅಲ್ಲಾಡೋಕೆ ಶುರುವಾಗುತ್ತೆ. ಮುಚ್ಚಳ ಇಲ್ಲದ ಬೆಲ್ಟಿಗೆ ಪಂಚೆ ತುದಿ, ಸೆರಗು ಸಿಕ್ಕಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಧೂಳು ವಿಪರೀತ, ಮೂಗಿಗೆ ಬಟ್ಟೆ ಇರಲಿ.

ಎಂಥ ಡ್ರಮ್ ತಂದರೂ ಅರೆಬರೆ ಒಣಗಿದ ಅರಿಶಿನಕ್ಕೆ ಹೊಳಪು ಬರೋದಿಲ್ಲ. ಕೊಂಬು ಮುರಿದಾಗ ಲೋಹ ತಟ್ಟಿದಂಥ ಸದ್ದು ಬರಬೇಕು, ಲಟಕ್ ಅಂತ ಮುರೀಬೇಕು. ಬಾಗಿದರೆ ಮತ್ತೆ ಬಿಸಿಲಿಗೆ ಹಾಕಿ. ಪಾಲಿಶ್ ಮಾಡುವ ಮುಂಚೆ, ಆದ ಮೇಲೆ ಎರಡೂ ಸಲ ತೂಕ ಮಾಡಿ ಬರೆದಿಡಿ. ಹೆಚ್ಚು ಹೊತ್ತು ತಿರುಗಿಸಿದಷ್ಟೂ ನಿಮ್ಮ ಮಾಲೇ ಧೂಳಾಗಿ ಹೋಗುತ್ತೆ, ತೂಕಕ್ಕೆ ತಾನೇ ದುಡ್ಡು?

ಕೊನೇ ಸುತ್ತಿನಲ್ಲಿ ಬಣ್ಣಕ್ಕೆ ಅಂತ ಸ್ವಲ್ಪ ಅರಿಶಿನ ಪುಡಿ ಉದುರಿಸೋ ರೂಢಿ ಇದೆ. ನಿಮ್ಮದೇ ಅರಿಶಿನದ ಪುಡಿಯಾದರೆ ತೊಂದರೆ ಇಲ್ಲ. "ಒಂದು ಚಿಟಿಕೆ ಹಾಕಿ, ಬಣ್ಣ ನೋಡಿ" ಅಂತ ಯಾರಾದರೂ ಹಳದಿ ಪುಡಿ ಕೊಟ್ಟರೆ ಮಾತ್ರ ಮುಟ್ಟಬೇಡಿ. ಅದು ಲೆಡ್ ಕ್ರೋಮೇಟ್ ಇರಬಹುದು, ಅಂದರೆ ಸೀಸದ ವಿಷ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂದಿಸುತ್ತೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಅರಿಶಿನದಲ್ಲಿ ಅದು ಇರಲೇಬಾರದು. ಬಾಡಿಗೆಗೆ ತಂದ ಡ್ರಮ್ ಆದರೆ ಹಿಂದಿನವರು ಏನು ಹಾಕಿದ್ದರೋ ಗೊತ್ತಿರೋದಿಲ್ಲ. ಜಾಲರಿಯನ್ನ ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೇ ನಿಮ್ಮ ಅರಿಶಿನ ತುಂಬಿ.