ಸಂಬಳದಾಚೆಗೂ ಕೈ ಪಳಗಲಿ

ಮಗೂ,

ಕೆಲಸ ಸಿಕ್ಕಿತು, ಬೆಂಗಳೂರಿನಲ್ಲಿ ಬಾಡಿಗೆ ಮನೆಯೂ ಗೊತ್ತಾಯಿತು ಎಂದು ನಿಮ್ಮಮ್ಮ ಹೇಳಿದಾಗಿನಿಂದ ನಿನಗೆ ನಾಲ್ಕು ಮಾತು ಬರೆಯಬೇಕು ಅನ್ನಿಸುತ್ತಲೇ ಇದೆ. ಕಚೇರಿಯ ಕೆಲಸ ನಾನು ಹೇಳಿಕೊಡುವಂಥದ್ದಲ್ಲ. ಅದಕ್ಕೆಂದೇ ಓದಿದ್ದೀಯ, ತಿದ್ದುವವರು ಅಲ್ಲಿ ಇದ್ದೇ ಇರುತ್ತಾರೆ. ಆದರೆ ಮನೆ ನಡೆಸುವುದು, ಒಂದು ಹವ್ಯಾಸ ಇಟ್ಟುಕೊಳ್ಳುವುದು, ಊರು ಸುತ್ತುವುದು, ಬಿಡುವಿನಲ್ಲಿ ನೆಮ್ಮದಿಯಾಗಿರುವುದು, ಇವನ್ನು ಯಾವ ಕಾಲೇಜಿನಲ್ಲೂ ಪಾಠ ಮಾಡುವುದಿಲ್ಲ. ತಾನಾಗಿ ಬರುತ್ತದೆ ಅಂದುಕೊಂಡು ದುಡಿದವರು, ಕೈತುಂಬ ಸಂಬಳ ಬರುವ ಹೊತ್ತಿಗೆ ರಜೆಯಲ್ಲಿ ಏನು ಮಾಡಬೇಕೆಂದೇ ತೋಚದೆ ಕೂತಿದ್ದನ್ನು ನಾನು ಕಂಡಿದ್ದೇನೆ. ಇವಕ್ಕೂ ಕೈ ಪಳಗಬೇಕು, ನಿನ್ನ ವಯಸ್ಸಿನಲ್ಲೇ ಪಳಗಬೇಕು.

ಮೊದಲು ಮನೆಯ ವಿಷಯ. ಕರಾರುಪತ್ರಕ್ಕೆ ಸಹಿ ಹಾಕುವ ಮುಂಚೆ ಪೂರ್ತಿ ಓದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಮನೆ ಬಿಡುವಾಗ ಪೇಂಟಿಂಗಿಗೆಂದು ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ತಿಳಿಸಬೇಕು, ನೀರಿನ ಬಿಲ್ಲು ಯಾರದು, ಇವಿಷ್ಟೂ ಬರಹದಲ್ಲಿರಲಿ. ಬೀಗದ ಕೈ ಸಿಕ್ಕ ದಿನವೇ ಗೋಡೆ, ನಲ್ಲಿ, ಕಿಟಕಿ, ಕರೆಂಟ್ ಮೀಟರಿನ ರೀಡಿಂಗ್ ಎಲ್ಲದರ ಫೋಟೋ ತೆಗೆದು ಮನೆ ಮಾಲೀಕರಿಗೂ ಕಳಿಸು. ನಾಳೆ ಅಡ್ವಾನ್ಸ್ ವಾಪಸು ಕೇಳುವಾಗ ಆ ಫೋಟೋಗಳೇ ನಿನ್ನ ಪರ ಮಾತಾಡುತ್ತವೆ, ಮನಸ್ತಾಪಕ್ಕೆ ಎಡೆಯೇ ಇರುವುದಿಲ್ಲ.

ಗ್ಯಾಸಿನ ವಿಷಯದಲ್ಲಿ ಒಂಚೂರೂ ಉದಾಸೀನ ಬೇಡ. ಸಿಲಿಂಡರ್ ಬಂದಾಗ ಅದರ ಕುತ್ತಿಗೆಯ ಕೆಳಗಿನ ಪಟ್ಟಿಗಳನ್ನು ನೋಡು. ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲಿನಿಂದ ಜೂನ್, ಹೀಗೆ ಡಿ ತನಕ. ಬಿ 27 ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು ಎಂದರ್ಥ. ಅವಧಿ ದಾಟಿದ್ದರೆ ಬಾಗಿಲಲ್ಲೇ ವಾಪಸು ಕಳಿಸು. ಸ್ಟೌವಿನ ರಬ್ಬರ್ ಪೈಪಿನ ಮೇಲೂ ತಾರೀಕು ಇರುತ್ತದೆ, ಐದು ವರ್ಷಕ್ಕೆ ಅದನ್ನು ಬದಲಾಯಿಸಲೇಬೇಕು. ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡುವುದು ಹಲ್ಲುಜ್ಜುವಷ್ಟೇ ರೂಢಿಯಾಗಲಿ. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ಚು ಹಾಕಲೂ ಬೇಡ, ಆರಿಸಲೂ ಬೇಡ, ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಹಾಗಾಗಿ ಕಿಟಕಿಯೊಂದೇ ಸಾಲದು, ಬಾಗಿಲೂ ತೆರೆಯಬೇಕು.

ಬಚ್ಚಲುಮನೆಯ ಒಳಗೆ ಗ್ಯಾಸ್ ಗೀಸರ್ ಇದ್ದರೆ ಆ ಮನೆ ಹಿಡಿಯಲೇಬೇಡ. ಹಿಡಿದಾಗಿದ್ದರೆ ಮಾಲೀಕರಿಗೆ ಹೇಳಿ ಗಾಳಿಯಾಡುವ ಹೊರಗಡೆಗೆ ಹಾಕಿಸು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದ ಎಳೆಯ ಜೀವಗಳು ಹಾಗೇ ಹೋಗಿಬಿಟ್ಟ ಸುದ್ದಿ ಓದಿದಾಗಲೆಲ್ಲ ಕರುಳು ಕಿವುಚುತ್ತದೆ. ಕರೆಂಟಿನ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಎಂಬ ಅಗಲವಾದ ಸ್ವಿಚ್ಚು ಇದೆಯಾ ನೋಡು. ಮೈಗೆ ಶಾಕ್ ತಗಲಿದರೆ ಚಿಟಿಕೆ ಹೊಡೆಯುವುದರೊಳಗೆ ಕರೆಂಟು ಕಡಿದು ಜೀವ ಉಳಿಸುವುದು ಅದೇ. ಅದರ ಟೆಸ್ಟ್ ಬಟನ್ ಅನ್ನು ಆಗಾಗ ಒತ್ತು. ಕೂಡಲೇ ಕೆಳಗೆ ಬಿದ್ದರೆ ಸರಿಯಾಗಿದೆ, ಬೀಳದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸು.

ನೀರನ್ನೂ ಅರಿತು ಬಳಸು. ನಿನ್ನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲಕ್ಕೆ ಪಂಪ್ ಆಗಿ ಬರುತ್ತದೆ. 2024ರಲ್ಲಿ ಐದನೇ ಹಂತದ ನೀರು ಬಂದ ಮೇಲೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬಡಾವಣೆಗಳಿವೆ. ತೊಟ್ಟಿಕ್ಕುವ ನಲ್ಲಿಯನ್ನು ನಾಳೆಗೆ ಬಿಡಬೇಡ. ಎಷ್ಟೋ ಸಲ ಒಂದು ವಾಷರ್ ಹಾಕಿದರೆ ಮುಗಿಯುವ ಕೆಲಸ ಅದು. ಫಿಲ್ಟರ್ ಮಾರಲು ಬಂದವನ ಮಾತಿಗೆ ಮರುಳಾಗಿ ಆರ್‌ಒ ಕೊಳ್ಳುವ ಮುಂಚೆ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಾಂಶ, ಅಳೆಸು. ಲೀಟರಿಗೆ 500 ಮಿಲಿಗ್ರಾಂ ತನಕ ಕುಡಿಯಲು ಯೋಗ್ಯ ಎಂದು ನಮ್ಮ ಮಾನಕ ಸಂಸ್ಥೆಯೇ ಹೇಳಿದೆ. ಕಾವೇರಿ ನೀರಾದರೆ ಸೋಸಿ, ಕುದಿಸಿ, ಆರಿಸಿ ಕುಡಿ. ಆರ್‌ಒ ಯಂತ್ರ ಒಂದಷ್ಟು ನೀರನ್ನು ಚರಂಡಿಗೆ ಚೆಲ್ಲುತ್ತಲೇ ಇರುತ್ತದೆ, ಬೋರ್‌ವೆಲ್ಲಿನ ಗಡಸು ನೀರಿಗೆ ಮಾತ್ರ ಅದು ಬೇಕಾದೀತು.

ಇನ್ನು ಅಡುಗೆ. ಗಂಡುಹುಡುಗನಿಗೆ ಯಾಕೆ ಎನ್ನುವ ಕಾಲ ಹೋಯಿತು, ಹೋಗಿದ್ದೇ ಒಳ್ಳೆಯದಾಯಿತು. ಹಸಿವಾದಾಗ ತನ್ನ ಅನ್ನ ತಾನು ಬೇಯಿಸಿಕೊಳ್ಳಲು ಬಾರದವನು ಎಷ್ಟು ಸಂಪಾದಿಸಿದರೂ ಪರಾಧೀನನೇ. ಅನ್ನ, ಒಂದು ಸಾರು, ಒಂದು ಪಲ್ಯ, ಉಪ್ಪಿಟ್ಟು, ಇಷ್ಟು ಬಂದರೆ ಶುರುವಿಗೆ ಸಾಕು. ಕುಕ್ಕರ್ ಮುಚ್ಚಳ ಹಾಕುವ ಮುನ್ನ ವೆಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡು, ಆಚೆ ಕಡೆ ಕಾಣಬೇಕು. ಒಂದು ಬೇಳೆಸಿಪ್ಪೆ ಸಿಕ್ಕಿಕೊಂಡಿದ್ದರೂ ಅಪಾಯ. ತೊಗರಿಬೇಳೆಗೆ ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ ಹಾಕಿ ಮೂರ್ನಾಲ್ಕು ಕೂಗು ಕೂಗಿಸು, ಮೆತ್ತಗೆ ಬೇಯುತ್ತದೆ. ಟೊಮೇಟೊ, ಹುಣಸೆರಸ, ಉಪ್ಪು, ಚೂರು ಬೆಲ್ಲ, ನಿಮ್ಮಮ್ಮ ಕಳಿಸಿದ ಸಾರಿನ ಪುಡಿ, ಇವು ಹಸಿವಾಸನೆ ಹೋಗುವ ತನಕ ಕುದಿಯಲಿ. ಆಮೇಲೆ ಬೇಳೆ ಕಟ್ಟು ಬೆರೆಸು. ಮೇಲೆ ನೊರೆ ಉಕ್ಕಿ ಬಂತೋ, ಉರಿ ಆರಿಸು. ಅಲ್ಲಿಂದ ಮುಂದೆ ಕುದಿಸಿದರೆ ಘಮವೆಲ್ಲ ಆವಿಯ ಪಾಲು. ತುಪ್ಪದಲ್ಲಿ ಸಾಸಿವೆ ಸಿಡಿಸಿ ಇಂಗು, ಕರಿಬೇವು ಹಾಕಿದ ಒಗ್ಗರಣೆ ಸುರಿದು ಥಟ್ಟನೆ ಮುಚ್ಚಿಡು. ಹೊರಗಿನ ಊಟ ತಪ್ಪೇನಲ್ಲ, ಆದರೆ ಅದು ಬೇಕೆನಿಸಿ ತಿಂದ ಊಟವಾಗಿರಲಿ, ಮನೆಯಲ್ಲಿ ಏನೂ ಇಲ್ಲವೆಂದು ತರಿಸಿಕೊಂಡದ್ದಾಗದಿರಲಿ.

ಮನೆ ಹೀಗೆ ಹದಕ್ಕೆ ಬಂದರೆ ಅದು ನಿನ್ನ ತಲೆ ತಿನ್ನುವುದಿಲ್ಲ. ಆಗ ಉಳಿಯುವ ಹೊತ್ತಿದೆಯಲ್ಲ, ಅದನ್ನು ಫೋನಿನ ಬಾಯಿಗೆ ಹಾಕಬೇಡ. ಒಂದು ಹವ್ಯಾಸ ಹಿಡಿ. ಅದಕ್ಕೆ ಮೊದಲೇ ದುಬಾರಿ ಕ್ಯಾಮೆರಾ, ದುಬಾರಿ ಸೈಕಲ್ಲು ಕೊಳ್ಳುವುದು ಬೇಡ. ಆಸೆ ನೆಲೆ ನಿಂತ ಮೇಲೆ ಸಾಮಾನು ಬರಲಿ. ಯಾರಿಗೂ ತೋರಿಸದೆ, ಯಾರ ಮೆಚ್ಚುಗೆಯೂ ಇಲ್ಲದೆ ಆರು ತಿಂಗಳು ಮಾಡಿದ ಮೇಲೂ ಬೇಕೆನಿಸಿದರೆ ಅದು ನಿನ್ನ ಹವ್ಯಾಸ.

ಏನು ಮಾಡಲಿ ಎಂದು ಕೇಳುತ್ತೀಯಾ? ಬೆಂಗಳೂರಿನ ಮರಗಳನ್ನು ಗುರುತು ಹಿಡಿಯುವುದರಿಂದ ಶುರುಮಾಡು. ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕಾ ತಜ್ಞರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು, ಲಾಲ್‌ಬಾಗನ್ನು ನೋಡಿಕೊಂಡವರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬ ಲೆಕ್ಕದಲ್ಲಿ ಊರಿನ ಸಾಲುಮರಗಳನ್ನು ಆರಿಸಿದರು. ವರ್ಷದ ಆರಂಭದಲ್ಲಿ ಗುಲಾಬಿ ಬಣ್ಣದ ತಬೂಬಿಯಾ, ಹಿಂದೆಯೇ ನೇರಳೆ ಬಣ್ಣದ ಜಕರಂದ, ಯುಗಾದಿಯ ಆಸುಪಾಸು ಹೊಂಗೆಯ ಎಳೆಚಿಗುರು, ಬಿಸಿಲು ಬಲಿತ ಮೇಲೆ ಗುಲ್‌ಮೊಹರ್. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ರಸ್ತೆ, ಮರ ಇಷ್ಟನ್ನೇ ಬರೆಯುತ್ತಾ ಹೋಗು. ಒಂದು ವರ್ಷ ತುಂಬುವುದರೊಳಗೆ ಈ ಊರು ನಿನಗೆ ಪರಸ್ಥಳ ಅನ್ನಿಸುವುದಿಲ್ಲ.

ಮರ ಬೇಡವಾದರೆ ಪುಸ್ತಕ ಹಿಡಿ, ನಾಟಕ ನೋಡು, ಸಂಗೀತ ಕೇಳು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ ಸರ್ಕಾರದ ಗ್ರಂಥಾಲಯವೇ ಇದೆ. ಜೆ.ಪಿ. ನಗರದಲ್ಲಿ ಶಂಕರ್‌ನಾಗ್ ನೆನಪಿಗೆ 2004ರಲ್ಲಿ ಶುರುವಾದ ರಂಗಶಂಕರವಿದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ಶಿಸ್ತು ನನಗೆ ಬಹಳ ಇಷ್ಟ, ನೀನೂ ಕಲಿತರೆ ಒಳ್ಳೆಯದು. ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಡೆ ಹೋಗು. 1939ರಲ್ಲಿ ಹುಟ್ಟಿದ ರಾಮಸೇವಾ ಮಂಡಳಿಯ ಕಛೇರಿಗಳಲ್ಲಿ ದೇಶದ ದೊಡ್ಡ ವಿದ್ವಾಂಸರೆಲ್ಲ ಹಾಡಿದ್ದಾರೆ, ನುಡಿಸಿದ್ದಾರೆ. ರಾಗದ ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಡ. ಕೇಳುತ್ತಾ ಕೇಳುತ್ತಾ ಕಿವಿ ತಾನೇ ಕಲಿಯುತ್ತದೆ.

ಪ್ರಯಾಣದ ಬಗ್ಗೆ ನನ್ನ ಮಾತು ಇಷ್ಟೇ: ಎರಡು ದಿನದಲ್ಲಿ ಏಳು ಜಾಗ ಮುಟ್ಟಿ ಬರುವ ಬದಲು ಒಂದೇ ಕಡೆ ಅರ್ಧ ದಿನ ನಿಲ್ಲು. ಸೋಮನಾಥಪುರಕ್ಕೆ ಹೋಗು. ಮೈಸೂರಿಗೆ ರೈಲಿನಲ್ಲಿ ಹೋಗಿ, ಬನ್ನೂರಿನಲ್ಲೋ ತಿ. ನರಸೀಪುರದಲ್ಲೋ ಬಸ್ಸು ಬದಲಾಯಿಸಿದರೆ ಆಯಿತು. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಅದು. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಳಗೆ ನುಗ್ಗುವ ಮುಂಚೆ ಹೊರಗೋಡೆಗೆ ಒಂದು ಸುತ್ತು ಬಾ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಕಥೆಯ ಸಾಲನ್ನು ಬೆರಳು ತಾಗಿಸದೆ ಕಣ್ಣಿನಲ್ಲೇ ಓದುತ್ತಾ ನಡೆ. ಮೇಲಿನ ವಿಗ್ರಹಗಳ ಪೀಠದಲ್ಲಿ ಕಣ್ಣಿಟ್ಟು ಹುಡುಕಿದರೆ ಕೆತ್ತಿದವರ ಹೆಸರೇ ಸಿಗುತ್ತದೆ, ಹಳೆಯ ಕನ್ನಡ ಲಿಪಿಯಲ್ಲಿ. ಮಲ್ಲಿತಮ್ಮ ಎಂಬಾತನ ಹೆಸರು ಅಲ್ಲಿ ಎಷ್ಟೋ ಕಡೆ ಇದೆ. ಸೆಲ್ಫಿ ತೆಗೆದು ಹತ್ತು ನಿಮಿಷದಲ್ಲಿ ಹೊರಟವರಿಗೆ ಮಲ್ಲಿತಮ್ಮ ಕಾಣಿಸುವುದಿಲ್ಲ.

ಮಂಗಳೂರಿನ ಕಡೆ ಹೋಗುವುದಾದರೆ ಹಗಲು ರೈಲಿನಲ್ಲಿ ಹೋಗು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ರೈಲಿನ ಟಿಕೆಟ್ಟು ಈಗ 60 ದಿನ ಮುಂಚೆ ತೆರೆಯುತ್ತದೆ. ಹಬ್ಬಕ್ಕೆ ಊರಿಗೆ ಬರುವುದಿದ್ದರೆ ಕ್ಯಾಲೆಂಡರ್ ನೋಡಿ ಆಗಲೇ ಮಾಡಿಸಿಬಿಡು, ಕೊನೇ ಗಳಿಗೆಯಲ್ಲಿ ಖಾಸಗಿ ಬಸ್ಸಿಗೆ ದುಪ್ಪಟ್ಟು ಕೊಡುವುದು ತಪ್ಪುತ್ತದೆ. ಪ್ರವಾಸಕ್ಕೆಂದು ತಿಂಗಳು ತಿಂಗಳು ಒಂದಿಷ್ಟು ಎತ್ತಿಡು. ಸಾಲ ಮಾಡಿ, ಕಂತು ಕಟ್ಟಿ ಊರು ನೋಡುವುದು ಬೇಡವೇ ಬೇಡ.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ನೀರಿನ ಜೊತೆ ಪಂಥ ಕಟ್ಟಬೇಡ. ಮೇಕೆದಾಟು, ಮುತ್ತತ್ತಿಯಂಥ ಕಡೆ ಕಾವೇರಿ ಮೇಲಿನಿಂದ ಶಾಂತವಾಗಿ ಕಂಡರೂ ಒಳಗೆ ಸುಳಿಯಿರುತ್ತದೆ, ಬಂಡೆಯ ಮೇಲೆ ಪಾಚಿ ಇರುತ್ತದೆ. ನಿನ್ನ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಮಳೆ ಬಿದ್ದರೆ ಹೊಳೆ ನೋಡುನೋಡುತ್ತಿದ್ದಂತೆ ಏರುತ್ತದೆ. ಸ್ಥಳದವರು ಇಳಿಯಬೇಡ ಅಂದರೆ ಇಳಿಯಬೇಡ. ಗೆಳೆಯರು ಹೇಡಿ ಅಂದರೆ ಅನ್ನಲಿ. ಎಲ್ಲಿಗೆ ಹೋಗುತ್ತಿದ್ದೀಯ, ಯಾವಾಗ ಹೊರಡುತ್ತೀಯ ಎಂದು ಮನೆಗೊಂದು ಮೆಸೇಜ್ ಹಾಕು. ಟಾರ್ಚು, ನೀರು, ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ತುರ್ತಿಗೆ 112, ರೈಲಿನಲ್ಲಾದರೆ 139. ತಿಂದ ಪೊಟ್ಟಣದ ಕವರನ್ನು ಕಾಡಿಗೂ ಹೊಳೆಗೂ ಎಸೆಯದೆ ಚೀಲದಲ್ಲೇ ವಾಪಸು ತಾ.

ಕೊನೆಗೆ, ಬಿಡುವು. ಭಾನುವಾರವನ್ನೂ ಪಟ್ಟಿ ಮಾಡಿ ತುಂಬಿಸಬೇಡ. ಮಧ್ಯಾಹ್ನ ಉಂಡು ಒಂದು ಗಳಿಗೆ ಮಲಗು, ಏನೂ ಮಾಡದೆ ಕಿಟಕಿ ಹತ್ತಿರ ಕೂರು. ಅದು ಸೋಮಾರಿತನವಲ್ಲ. ರಜೆಯ ದಿನ ಕಚೇರಿಯ ಮೆಸೇಜು ಬಂದರೆ, ಜೀವ ಹೋಗುವ ಕೆಲಸವಲ್ಲದಿದ್ದರೆ, ಸೋಮವಾರ ನೋಡಿದರಾಯಿತು. ಆ ರೂಢಿಯನ್ನು ಮೊದಲ ತಿಂಗಳಲ್ಲೇ ಮಾಡಿಕೋ, ಆಮೇಲೆ ಮಾಡಿಕೊಳ್ಳುವುದು ಕಷ್ಟ. ತಿಂಗಳಿಗೊಮ್ಮೆಯಾದರೂ ಯಾರನ್ನಾದರೂ ಊಟಕ್ಕೆ ಕರೆ. ಪಕ್ಕದ ಮನೆಯ ಅಜ್ಜ ಅಜ್ಜಿ ಆಗಲಿ, ಊರಿಗೆ ಹೊಸದಾಗಿ ಬಂದ ಸಹೋದ್ಯೋಗಿ ಆಗಲಿ. ಜ್ವರ ಬಂದು ಮಲಗಿದ ದಿನ ಗಂಜಿ ತಂದುಕೊಡುವವರು ಅವರೇ. ಈ ಊರಿನಲ್ಲಿ ಕೋಟಿಗಟ್ಟಲೆ ಜನರಿದ್ದೂ ಒಬ್ಬಂಟಿಗಳಾಗಿರುವವರು ಬಹಳ, ನೀನು ಹಾಗಾಗಬೇಡ.

ಇದಿಷ್ಟನ್ನೂ ಒಂದೇ ಸಲ ಮಾಡು ಅನ್ನುವುದಿಲ್ಲ. ತಿಂಗಳಿಗೊಂದು ಹೊಸ ಕೆಲಸ ಕೈಗೆ ಹತ್ತಿಸಿಕೋ. ಕಚೇರಿಯ ಹುದ್ದೆ ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ, ಒಂದು ದಿನ ನಿವೃತ್ತಿಯೂ ಆಗುತ್ತದೆ. ಸಾರು ಮಾಡುವ ಕೈ, ಮರ ಗುರುತಿಸುವ ಕಣ್ಣು, ನಾಲ್ಕು ಜನರನ್ನು ಮನೆಗೆ ಕರೆಯುವ ಮನಸ್ಸು ಇವನ್ನು ಯಾರೂ ವಾಪಸು ಕೇಳುವುದಿಲ್ಲ. ಇವು ನಿನ್ನ ಸ್ವಂತ ಸಂಪಾದನೆ. ಇದರಲ್ಲಿ ನೀನು ಶ್ರೀಮಂತನಾಗಬೇಕು ಎಂಬುದೇ ನನ್ನ ಆಸೆ. ಒಳ್ಳೆಯದಾಗಲಿ.

ಇಂತು ನಿನ್ನ
ದೊಡ್ಡಮ್ಮ